ಮಗಳ ಹಲ್ಲಿಗೆ ತಂತಿ: ಕಾಸರಗೋಡೋ, ದೇರಳಕಟ್ಟೆಯೋ?

ನೀರ್ಚಾಲಿನ ತಂದೆ (ಪ್ರಶ್ನೆ)
ಮಗಳಿಗೆ 13 ವರ್ಷ. ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಬಂದಿವೆ. ನಾಲ್ಕು ಹಲ್ಲು ಕಿತ್ತು ತಂತಿ ಹಾಕಬೇಕೆಂದಿದ್ದಾರೆ. ಇಲ್ಲೇ ಕೇರಳದ ಕಾಸರಗೋಡಿನಲ್ಲಿ ಮಾಡಿಸಲೇ, ಗಡಿಯಾಚೆ ಕರ್ನಾಟಕದಲ್ಲಿ ಮಂಗಳೂರಿನ ಹತ್ತಿರವಿರುವ ದೇರಳಕಟ್ಟೆಗೆ ಕರೆದೊಯ್ಯಲೇ? ಅನುಭವವಿದ್ದವರು ತಿಳಿಸಿ.

ಕುಂಬಳೆಯ ತಾಯಿ
ದೇರಳಕಟ್ಟೆ ಎನ್ನುವ ಮೊದಲು ನನ್ನ ಪಾಡು ಕೇಳಿ. 2019ರ ಜೂನ್‌ನಲ್ಲಿ ಮಗನಿಗೆ ಅಲ್ಲಿ ತಂತಿ ಹಾಕಿಸಿದೆ. ಶುಲ್ಕ 28,000. ಬಿಗಿ ಮಾಡಿಸಲು ತಿಂಗಳಿಗೊಮ್ಮೆ ಪ್ರಯಾಣ. ಅವನ ಶಾಲೆಗೂ ನನ್ನ ಹೊಲಿಗೆಗೂ ರಜೆ. ಅದನ್ನು ಸಹಿಸಿದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಎರಡು ರಾಜ್ಯಗಳ ನಡುವಿನ ತಲಪಾಡಿ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಅದೇ ವಾರ ಹಿಂಬದಿಯ ತಂತಿ ಜಾರಿ ಕೆನ್ನೆಯ ಒಳಭಾಗಕ್ಕೆ ಚುಚ್ಚಿತು. ಹಚ್ಚಲು ಕೊಟ್ಟಿದ್ದ ಮೇಣ ಮುಗಿದಿತ್ತು. ಪೆನ್ಸಿಲಿನ ರಬ್ಬರಿನಿಂದ ತುದಿಯನ್ನು ಒಳಕ್ಕೆ ಒತ್ತಿ ಎಂದು ವೈದ್ಯರು ಫೋನಿನಲ್ಲಿ ಹೇಳಿದರು. ಮಗ ಬಾಯಿ ತೆರೆದು ಕುಳಿತ, ಗಂಡ ಟಾರ್ಚ್ ಹಿಡಿದರು, ನನ್ನ ಕೈ ನಡುಗುತ್ತಿತ್ತು. 18 ತಿಂಗಳು ಎಂದದ್ದು 31 ತಿಂಗಳಾಯಿತು.

ಬದಿಯಡ್ಕದ ಕೃಷಿಕ
ಹತ್ತಿರದಲ್ಲಿ ಮಾಡಿಸಿದ ನಾನೇನು ಸುಖಪಟ್ಟೆನೇ? ಕ್ಲಿನಿಕ್ ದಿನವೂ ತೆರೆದಿರುತ್ತಿತ್ತು, ತಂತಿಯ ತಜ್ಞರು ಮಾತ್ರ ತಿಂಗಳಿಗೆ ಒಂದು ಭಾನುವಾರ. ಎರಡು ವರ್ಷದಲ್ಲಿ ಮೂವರು ಬದಲಾದರು, ಬಂದವರೆಲ್ಲ ಹಿಂದಿನವರ ತಂತಿ ಬಿಚ್ಚಿದರು. ಒಪ್ಪಿದ್ದು 35,000. ಎಕ್ಸ್‌ರೇಗೆ 900 ಬೇರೆ. ಹಲಸಿನ ಹಪ್ಪಳ ಕಡಿದು ಮಗಳು ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬಿಲ್ಲೆ) ಕಿತ್ತುಕೊಂಡದ್ದು ಐದು ಸಲ, ಪ್ರತಿ ಸಲ 500. ಎಲ್ಲ ಚೀಟಿಯೂ ನನ್ನ ಬಳಿ ಇದೆ. ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದ ಆರ್ಥೊಡಾಂಟಿಸ್ಟ್, ಅಂದರೆ ತಂತಿಯ ತಜ್ಞರು, ಯಾರು, ಎಷ್ಟು ದಿನ ಸಿಗುತ್ತಾರೆ ಎಂದು ಮೊದಲೇ ಕೇಳಬೇಕಿತ್ತು.

ಪೆರ್ಲದ ಅಧ್ಯಾಪಕಿ
ನಾನು ಮಂಗಳೂರಿಗೇ ಹೋದೆ, ಪಶ್ಚಾತ್ತಾಪವಿಲ್ಲ. ಇಲ್ಲಿ ನನ್ನ ಮುಂದಿಟ್ಟ ಒಪ್ಪಿಗೆ ಪತ್ರ ಮಲಯಾಳದಲ್ಲಿತ್ತು. ಮಗನ ಹಲ್ಲು ಕೀಳುವ ಕಾಗದಕ್ಕೆ ಓದಲಾಗದೆ ಸಹಿ ಹಾಕಬೇಕೇ?

ಬದಿಯಡ್ಕದ ಕೃಷಿಕ
ಹಲ್ಲಿಗೂ ಭಾಷೆಯ ಜಗಳವೇ? ನಮಗೆ ವೈದ್ಯರು ಎಲ್ಲವನ್ನೂ ತುಳುವಿನಲ್ಲಿ ವಿವರಿಸಿದರು.

ಪೆರ್ಲದ ಅಧ್ಯಾಪಕಿ
ಬಾಯಿಮಾತು ಬೇರೆ, ಸಹಿ ಬೇರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದಲೂ ಹೊಂದಿಕೊಳ್ಳಿ ಎಂಬ ಮಾತನ್ನೇ ಕೇಳುತ್ತಿದ್ದೇವೆ. ನೀವು ಹೊಂದಿಕೊಂಡಿರಿ ಎಂದು ನನ್ನ ಬಾಯಿ ಮುಚ್ಚಿಸಬೇಡಿ.

ಉಪ್ಪಳದ ಯುವಕ
ಎಲ್ಲಿ ಮಾಡಿಸಿದರೂ ತಂತಿ ಬಿಚ್ಚಿದ ಮೇಲೆ ರಿಟೇನರ್ (ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನ) ಹಾಕಲೇಬೇಕು. 2017ರಲ್ಲಿ ನನ್ನ ತಂತಿ ಬಿಚ್ಚಿದರು. ಮದುವೆಯೂಟದಲ್ಲಿ ರಿಟೇನರನ್ನು ತೆಗೆದು ಬಾಳೆಯೆಲೆಯ ಅಂಚಿನಲ್ಲಿಟ್ಟೆ. ಎಲೆ ಎತ್ತುವವರು ಎಲೆಯೊಂದಿಗೇ ಒಯ್ದರು. ಹೊಸದು ಮಾಡಿಸಲಿಲ್ಲ. ಎರಡೇ ವರ್ಷದಲ್ಲಿ ಕೆಳಗಿನ ಹಲ್ಲುಗಳು ಮತ್ತೆ ಒಂದರ ಮೇಲೊಂದು ಏರಿದವು. ಈಗ ಎರಡನೆಯ ಸಲ ತಂತಿ, 45,000, ನನ್ನದೇ ಸಂಬಳದಿಂದ.

ನೀರ್ಚಾಲಿನ ತಂದೆ
ನಾಲ್ಕು ಹಲ್ಲು ಕೀಳಿಸುವುದರ ಬಗ್ಗೆ ಯಾರೂ ಹೇಳಲಿಲ್ಲ. ಮಗಳು ಅಳುತ್ತಿರುವುದು ಅದಕ್ಕೇ.

ಕುಂಬಳೆಯ ತಾಯಿ
ನನ್ನ ಮಗನದೂ ನಾಲ್ಕು ಕಿತ್ತರು. ಕೋರೆಹಲ್ಲಿನ ಹಿಂದಿರುವ ಮುಂದವಡೆ ಹಲ್ಲುಗಳು ಅವು, ನಕ್ಕರೆ ಕಾಣುವ ಬಾಚಿಹಲ್ಲುಗಳಲ್ಲ. ಅವಳಿಗೆ ಕನ್ನಡಿ ಹಿಡಿದು ತೋರಿಸಿ. ಮೊದಲ ವಾರ ಬಲಬದಿಯ ಎರಡು, ಮರುವಾರ ಎಡಬದಿಯ ಎರಡು. ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸರಿದು ಸಂದು ಮುಚ್ಚಿತು. ಕಿತ್ತ ದಿನ ಗಂಜಿಯನ್ನು ಚೆನ್ನಾಗಿ ಆರಿಸಿ ಕೊಡಿ, ಬಿಸಿ ಬೇಡ.