‘ಋತುಮಾನದ ಫ್ಲೂ’: ಸಿಂಗಪುರಕ್ಕೆ ಹೊಂದುವ ಪದ ಯಾವುದು?

ಮಾನ್ಯರೇ,

ಸಿಂಗಪುರದಲ್ಲಿ ನೆಲೆಸಿರುವ ಕನ್ನಡದ ಹಿರಿಯರಿಗಾಗಿ ಫ್ಲೂ ಲಸಿಕೆಯ ತಿಳಿವಳಿಕೆ ಪತ್ರವೊಂದನ್ನು ಬರೆಯುತ್ತಿದ್ದೇನೆ. ಪತ್ರಿಕೆಗಳಲ್ಲಿ ರೂಢಿಯಾಗಿರುವ ‘ಋತುಮಾನದ ಫ್ಲೂ’ ಎಂಬ ಪದವನ್ನು ಅಲ್ಲಿಗೆ ಬಳಸಬಹುದೇ ಎಂಬುದು ನನ್ನ ಪ್ರಶ್ನೆ.

ಯುರೋಪಿನಂತಹ ಸಮಶೀತೋಷ್ಣ ವಲಯದಲ್ಲಿ ಈ ಸೋಂಕು ಚಳಿಗಾಲದಲ್ಲಿ ಏರಿ ಬೇಸಿಗೆಯಲ್ಲಿ ಬಹುಮಟ್ಟಿಗೆ ಅಡಗುವುದರಿಂದ ಅಲ್ಲಿ ಋತುವಿನ ಮಾತು ಸರಿಯೇ. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಒಂದು ಡಿಗ್ರಿಯಷ್ಟೇ ದೂರವಿರುವ ಸಿಂಗಪುರದಲ್ಲಿ ಚಳಿಗಾಲವೆಂಬುದೇ ಇಲ್ಲ. ವೈರಾಣು ಹನ್ನೆರಡು ತಿಂಗಳೂ ಸುತ್ತಾಡುತ್ತಿದ್ದು, ಸಾಮಾನ್ಯವಾಗಿ ಮೇ–ಜುಲೈ ನಡುವೆ ಒಮ್ಮೆ, ಈಶಾನ್ಯ ಮಾರುತದ ಮಳೆ ಬೀಳುವ ವರ್ಷಾಂತ್ಯದ ಆಸುಪಾಸಿನಲ್ಲಿ ಇನ್ನೊಮ್ಮೆ ಹೆಚ್ಚುತ್ತದೆ. ಮೊದಲನೆಯ ಏರಿಕೆ ದಕ್ಷಿಣ ಗೋಳಾರ್ಧದ ಚಳಿಗಾಲಕ್ಕೂ ಎರಡನೆಯದು ಉತ್ತರದ ಚಳಿಗಾಲಕ್ಕೂ ಹತ್ತಿರವಿರುವುದು ಕುತೂಹಲದ ಸಂಗತಿ. ಆದರೂ ಇದು ಪಂಚಾಂಗ ಹಿಡಿದು ಬರುವ ಕಾಯಿಲೆಯಲ್ಲ. ಕೆಲವು ವರ್ಷ ಏರಿಕೆ ಹಿಂದುಮುಂದಾಗುತ್ತದೆ, ಕೆಲವೊಮ್ಮೆ ಗುರುತಿಸುವುದೇ ಕಷ್ಟ.

ವಿಶ್ವ ಆರೋಗ್ಯ ಸಂಸ್ಥೆಯು ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂಬುದನ್ನು ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರಿನಲ್ಲಿ ಸೂಚಿಸುತ್ತದೆ. ಸಿಂಗಪುರದಲ್ಲಿ ಎರಡು ಬಗೆಯವೂ ಬಳಕೆಯಲ್ಲಿವೆ. ಹೀಗಿರುವಾಗ ‘ಋತುಮಾನದ ಫ್ಲೂ ಲಸಿಕೆ’ ಎಂದು ಓದಿದ ಹಿರಿಯರೊಬ್ಬರು ‘ಯಾವ ಋತುವಿನಲ್ಲಿ ಹಾಕಿಸಿಕೊಳ್ಳಬೇಕು?’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

‘ಹಂಗಾಮು’ ಎನ್ನೋಣವೆಂದರೆ ಅದರಿಂದ ಹುಟ್ಟುವ ‘ಹಂಗಾಮಿ’ಯು ‘ಹಂಗಾಮಿ ನೌಕರ’ನಂತೆ ತಾತ್ಕಾಲಿಕವೆಂಬ ಅರ್ಥಕ್ಕೆ ಜಾರುತ್ತದೆ. ‘ಚಳಿಜ್ವರ’ ಹಲವೆಡೆ ಮಲೇರಿಯಾಕ್ಕೆ ನಿಂತಿದೆ, ‘ವಿಷಮಶೀತಜ್ವರ’ವಂತೂ ಟೈಫಾಯ್ಡ್. ಆದಕಾರಣ ರೋಗದ ಹೆಸರನ್ನು ‘ಫ್ಲೂ’ ಎಂದೇ ಇಟ್ಟು, 2009ರಲ್ಲಿ ಜಗತ್ತನ್ನೆಲ್ಲ ಆವರಿಸಿದ ಎಚ್1ಎನ್1 ಪಿಡುಗಿನಿಂದ ಬೇರ್ಪಡಿಸಿ ಹೇಳಬೇಕಾದಲ್ಲಿ ‘ವಾಡಿಕೆಯ ಫ್ಲೂ’ ಎನ್ನಬಹುದೆಂದು ನನಗೆ ತೋರುತ್ತದೆ. ಹೆಚ್ಚಳದ ತಿಂಗಳುಗಳಿಗೆ ‘ಶೃಂಗ’ ನಕ್ಷೆಯ ಭಾಷೆಯಾಯಿತು. ‘ಉಲ್ಬಣ’ವು ರೋಗಿಯೊಬ್ಬನ ಸ್ಥಿತಿ ಬಿಗಡಾಯಿಸಿದಂತೆ ಕೇಳಿಸುತ್ತದೆ. ‘ಏರುಗಾಲ’ ಎಂದು ಬರೆದುಕೊಂಡಿದ್ದೇನೆ: ‘ಫ್ಲೂ ವರ್ಷವಿಡೀ ಇರುತ್ತದೆ, ಅದಕ್ಕೆ ಎರಡು ಏರುಗಾಲಗಳಿವೆ.’

ಕರ್ನಾಟಕದಲ್ಲಿಯೂ ಮಳೆಗಾಲದಲ್ಲಿ ಫ್ಲೂ ಹೆಚ್ಚುವುದುಂಟು. ಮಲೆನಾಡು, ಕರಾವಳಿಗಳ ಆಡುಮಾತಿನಲ್ಲಿ ಊರಿಗೂರೇ ಕೆಮ್ಮು ನೆಗಡಿ ಜ್ವರದಲ್ಲಿ ಬೀಳುವ ಅಂತಹ ಅವಧಿಗೆ ಬೇರೆ ಪದವಿದ್ದರೆ, ಅದನ್ನು ಯಾವ ಸೀಮೆಯಲ್ಲಿ ಕೇಳಿದಿರಿ ಎಂಬುದರೊಂದಿಗೆ ದಯವಿಟ್ಟು ತಿಳಿಸಿ.