ಗಂಡ ದ್ರೋಹಿ ಅಂದರೆ ಹೆಂಡತಿ ಮಕ್ಕಳಿಗೆ ಯಾಕೆ ಶಿಕ್ಷೆ?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ಬಿ.ಎ. ಕೊನೆ ವರ್ಷ ಓದುತ್ತಿದ್ದೇನೆ. ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ ಆಳುತ್ತಿದ್ದ ಕಾಲದಲ್ಲಿ ಗಂಡನನ್ನು ದೇಶದ್ರೋಹಿ ಅಂತ ಹಿಡಿದರೆ ಹೆಂಡತಿಯನ್ನೂ ಜೈಲಿಗೆ ಹಾಕುತ್ತಿದ್ದರಂತೆ. ಏನೂ ಮಾಡದವರ ಮೇಲೆ ಯಾಕೆ ಸರ್? ಬರೀ ಸಿಟ್ಟಾ?

ಉತ್ತರ (ಇತಿಹಾಸ ಅಧ್ಯಾಪಕರು): ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟ ಹಾಗೆ ಕಾಣುತ್ತೆ, ಅಲ್ವಾ? ಆದರೆ ಇದು ಸಿಟ್ಟಲ್ಲಮ್ಮ, ತಣ್ಣಗೆ ಕೂತು ಹಾಕಿದ ಲೆಕ್ಕ. 1937ರ ಆಗಸ್ಟ್ 15ರಂದು ರಹಸ್ಯ ಪೊಲೀಸ್ ಮುಖ್ಯಸ್ಥ ಯೆಜೋವ್ ಹೊರಡಿಸಿದ 00486ನೇ ಆದೇಶ ನೋಡು. ಹೆಂಡತಿಗೆ 5ರಿಂದ 8 ವರ್ಷ ಕ್ಯಾಂಪು, ಅಂದರೆ ಕೈದಿಗಳನ್ನು ದುಡಿಸೋ ಶಿಬಿರ. ಇಂಥ ಹೆಂಗಸರಿಗೆ ಅಂತಲೇ ಕಜಾಕಸ್ತಾನದ ಅಕ್ಮೋಲಿನ್ಸ್ಕ್ ಹತ್ತಿರ ಒಂದು ಕ್ಯಾಂಪ್ ಇತ್ತು. ಮಕ್ಕಳನ್ನು ವಯಸ್ಸು ನೋಡಿ ಬೇರೆ ಮಾಡುತ್ತಿದ್ದರು. ಎಳೆಕೂಸುಗಳು ಶಿಶುಗೃಹಕ್ಕೆ, 3ರಿಂದ 15ರವರೆಗಿನವರು ಅನಾಥಾಲಯಕ್ಕೆ. 15 ದಾಟಿದವರಿಂದ ಸರ್ಕಾರಕ್ಕೆ ಅಪಾಯ ಇದೆಯಾ ಅಂತ ಬೇರೆ ವಿಚಾರಣೆ.

ಅದೇ ಆದೇಶದಲ್ಲಿ ಒಂದು ವಿನಾಯಿತಿಯೂ ಇದೆ. ಗಂಡನ ವಿರುದ್ಧ ತಾನೇ ಹೋಗಿ ದೂರು ಕೊಟ್ಟವಳನ್ನು ಬಂಧಿಸಬಾರದು! ನನ್ನ ಪ್ರಕಾರ ಗುಟ್ಟೆಲ್ಲ ಇಲ್ಲೇ ಇದೆ. ಮನೆಮನೆಗೂ ಪೊಲೀಸ್ ಇಡೋಕೆ ಆಗಲ್ಲ. ಹೆಂಡತಿಯೇ ಕಿವಿ ಆದರೆ ಸರ್ಕಾರಕ್ಕೆ ಕಾಸಿನ ಖರ್ಚಿಲ್ಲ. ಇನ್ನು ಗಂಡ? ತನ್ನ ಜೀವಕ್ಕೆ ಹೆದರದವನೂ ಮಗಳ ಮುಖ ನೆನೆದು ಬಾಯಿ ಮುಚ್ಚುತ್ತಾನೆ.

ಹಿಟ್ಲರ್ ಕಡೆಯವರೂ ಕಡಿಮೆಯೇನಲ್ಲ. 1944ರ ಜುಲೈ 20ರಂದು ಅವನಿಗೆ ಬಾಂಬ್ ಇಟ್ಟ ಜರ್ಮನ್ ಸೇನಾಧಿಕಾರಿ ಸ್ಟೌಫೆನ್‌ಬರ್ಗ್‌ನನ್ನು ಆ ರಾತ್ರಿಯೇ ಗುಂಡಿಟ್ಟು ಕೊಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಸುರಿ ಹೆಂಡತಿ ನೀನಾಳನ್ನು ಹಿಡಿದರು. ಅವಳು ಐದನೇ ಮಗು ಹೆತ್ತಿದ್ದು ಬಂಧನದಲ್ಲೇ. ಉಳಿದ ನಾಲ್ವರನ್ನು ಬಾಡ್ ಸಾಕ್ಸಾ ಊರಿನ ಮಕ್ಕಳ ಮನೆಗೆ ಸಾಗಿಸಿ, ಅವರಿಗೆ ‘ಮೈಸ್ಟರ್’ ಅಂತ ಬೇರೆ ಮನೆಹೆಸರು ಕೊಟ್ಟರು. ಅಪ್ಪನ ಹೆಸರೇ ಇರಬಾರದು, ನೋಡು.

ಚಿತ್ರದುರ್ಗದಿಂದ ಒಬ್ಬರು: ಅದೆಲ್ಲ ಹಳೇ ಕಥೆ ಸರ್. ಈಗ ಎಲ್ಲಿದೆ?

ಉತ್ತರ: ಹಳೇದು ಅಂತ ಸುಮ್ನೆ ಬಿಡೋ ಹಾಗಿಲ್ಲ ಸ್ವಾಮಿ. ಉತ್ತರ ಕೊರಿಯಾದಲ್ಲಿ ಒಬ್ಬನ ರಾಜಕೀಯ ‘ಅಪರಾಧ’ಕ್ಕೆ ಮೂರು ತಲೆಮಾರನ್ನು ಕ್ಯಾಂಪಿಗೆ ತಳ್ಳಿದ್ದನ್ನು ವಿಶ್ವಸಂಸ್ಥೆಯ ತನಿಖಾ ಆಯೋಗ 2014ರಲ್ಲಿ ದಾಖಲಿಸಿದೆ. ನಮ್ಮದು ಅಂಥ ಆಡಳಿತ ಅಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಆದರೂ ಆರೋಪಿಯ ಮನೆ ಮೇಲೆ ಬುಲ್ಡೋಜರ್ ಹತ್ತಿಸೋ ವಿಚಾರ ಸುಪ್ರೀಂ ಕೋರ್ಟ್‌ವರೆಗೆ ಹೋಯಿತಲ್ಲ. 2024ರ ನವೆಂಬರ್ 13ರ ತೀರ್ಪು ಓದಿ. ಒಬ್ಬ ಆರೋಪಿ ಅಂತ ಮನೆ ಕೆಡವಿದರೆ ಅದು ಇಡೀ ಕುಟುಂಬಕ್ಕೆ ಕೊಟ್ಟ ಸಾಮೂಹಿಕ ಶಿಕ್ಷೆ, ಸಂವಿಧಾನ ಇದನ್ನು ಒಪ್ಪಲ್ಲ ಅಂತ ಕೋರ್ಟ್ ಹೇಳಿದೆ. ಕೆಡವೋ ಮುಂಚೆ 15 ದಿನದ ನೋಟಿಸ್ ಕೊಡಬೇಕು ಅಂತಲೂ ಅದರಲ್ಲಿದೆ.