ಬೇಟೆ ಬಟ್ಟೆಗೆ ಹತ್ತಿದ ಒಗ್ಗರಣೆ ವಾಸನೆ ತೆಗೆಯುವುದು ಹೇಗೆ?

ಮ್ಯಾಡಿಸನ್_ಮನೆ:
ನಮಸ್ಕಾರ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ, ಲೈಸೆನ್ಸ್ ತಗೊಂಡು ಬಿಲ್ಲಿನಲ್ಲಿ ಜಿಂಕೆ ಬೇಟೆ ಶುರು ಮಾಡಿ ಇದು ಎರಡನೇ ವರ್ಷ. ಬಾಣ ಬಿಡಬೇಕಾದರೆ ಜಿಂಕೆ 20 ಗಜದ ಹತ್ತಿರ ಬರಬೇಕು ಅಲ್ವಾ, ಆದರೆ ಹೋದ ವಾರ ಎರಡು ಸಲ ದೂರದಲ್ಲೇ ನಿಂತು ಮೂಗೆತ್ತಿ, ಕಾಲು ನೆಲಕ್ಕೆ ಬಡಿದು, ಬುಸ್ಸೆಂದು ಊದಿ, ಬಾಲದ ಬಿಳಿ ತೋರಿಸಿ ಓಡಿಹೋಯಿತು. ಜಾಕೆಟ್ ಮೂಸಿದರೆ ನನಗೇ ಇಂಗಿನ ವಾಸನೆ ಬಂತು. ವಾಸನೆ ಕಳೆಯುವ ಅಂಗಡಿಯ ಸ್ಪ್ರೇ ದುಬಾರಿ. ಮನೆಯಲ್ಲೇ ಮಾಡುವ ಅಳತೆ ಗೊತ್ತಿದ್ದರೆ ಹೇಳಿ. ವಿನೆಗರ್ ಹಾಕಬಹುದಾ?

ಹಳೇ_ಬಿಲ್ಲು:
ಔಷಧದ ಅಂಗಡಿಯಲ್ಲಿ ಸಿಗುವ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 2 ಕಪ್, ಡಿಸ್ಟಿಲ್ಡ್ ವಾಟರ್ 2 ಕಪ್, ಅಡುಗೆ ಸೋಡಾ ಕಾಲು ಕಪ್, ವಾಸನೆಯಿಲ್ಲದ ಶಾಂಪೂ 2 ದೊಡ್ಡ ಚಮಚ. ಬಕೆಟ್‌ನಲ್ಲಿ ಕಲಸಿ, ಮುಚ್ಚಳ ಸಡಿಲವಾಗಿ ಇಟ್ಟು, ಎರಡು ದಿನ ಬಿಟ್ಟು ಸ್ಪ್ರೇ ಬಾಟಲಿಗೆ ಹಾಕಿ. ಬಿಗಿಯಾಗಿ ಮುಚ್ಚಬೇಡಿ, ಒಳಗೆ ಆಕ್ಸಿಜನ್ ಬಿಡುತ್ತಲೇ ಇರುತ್ತದೆ, ಬಾಟಲಿ ಸಿಡಿಯುತ್ತದೆ. ವಿನೆಗರ್ ಮಾತ್ರ ಖಂಡಿತ ಬೇಡ! ಪೆರಾಕ್ಸೈಡ್ ಜೊತೆ ಸೇರಿದರೆ ಪೆರಾಸೆಟಿಕ್ ಆಸಿಡ್ ಆಗುತ್ತದೆ, ಕಣ್ಣು, ಗಂಟಲು ಉರಿಯುತ್ತದೆ. ಬ್ಲೀಚ್ ಕೂಡ ಬೇಡ.

ಸ್ಕಂಕ್ ಅಂತ ಇಲ್ಲೊಂದು ಪ್ರಾಣಿ, ಹೆದರಿದರೆ ನಾರುವ ದ್ರವ ಚಿಮ್ಮಿಸುತ್ತದೆ. ಅದು ಮೈಗೆ ಬಿದ್ದ ನಾಯಿಗೆ ಹಾಕುವ ಮದ್ದು ಇದೇ ಜಾತಿಯದು. ಆ ಮದ್ದನ್ನು 1993ರಲ್ಲಿ ಪಾಲ್ ಕ್ರೇಬಾಮ್ ಎಂಬ ಕೆಮಿಸ್ಟ್ ಬರೆದು ಹೊರಗೆ ತಂದದ್ದು. ಸ್ಕಂಕ್‌ನಲ್ಲೂ ಇಂಗಿನಲ್ಲೂ ನಾರುವುದು ಗಂಧಕವೇ, ಪೆರಾಕ್ಸೈಡ್ ಹಿಡಿಯುವುದೂ ಅದನ್ನೇ.

ಕಾಡಂಚು:
ಅಳತೆ ಸರಿ, ಆದರೆ ಎರಡು ದಿನ ಇಟ್ಟರೆ ಪೆರಾಕ್ಸೈಡ್‌ನ ಕಸುವು ಇಳಿಯುತ್ತದೆ. ನಾನು ಅರ್ಧ ಅಳತೆ ಹಿಂದಿನ ರಾತ್ರಿ ಕಲಸಿ, ಬಟ್ಟೆಗೆ, ಬ್ಯಾಗಿಗೆ ಹೊಡೆದು, ಉಳಿದದ್ದು ಚೆಲ್ಲುತ್ತೇನೆ.

ಅದಕ್ಕಿಂತ ಮುಖ್ಯ, ಬಟ್ಟೆ ಮನೆಯೊಳಗೆ ತರಲೇಬೇಡಿ. ಅಡುಗೆ ಸೋಡಾ ಹಾಕಿ ಒಗೆದು, ಹೊರಗೆ ಗಾಳಿಗೆ ಒಣಗಿಸಿ, ಮುಚ್ಚಳದ ಡಬ್ಬದಲ್ಲಿ ಗ್ಯಾರೇಜ್‌ನಲ್ಲಿಡಿ, ಕಾಡಿನ ಹತ್ತಿರ ಕಾರು ನಿಲ್ಲಿಸಿದ ಮೇಲೆ ಹಾಕಿಕೊಳ್ಳಿ. ಹೊಳಪು ಕೊಡುವ ಡಿಟರ್ಜೆಂಟ್ ಬೇಡ, ಆ ಹೊಳಪು ನಮಗಿಂತ ಜಿಂಕೆಗೆ ಚೆನ್ನಾಗಿ ಕಾಣುತ್ತದೆ. ಇಷ್ಟೆಲ್ಲಾ ಮಾಡಿಯೂ ಗಾಳಿ ನಿಮ್ಮಿಂದ ಜಿಂಕೆ ಕಡೆಗೆ ಬೀಸಿದರೆ ಮುಗಿಯಿತು. ನಮ್ಮೂರ ಎಕ್ಕದ ಹತ್ತಿಯ ಹಾಗೆ ಇಲ್ಲಿ ಮಿಲ್ಕ್‌ವೀಡ್ ಬೀಜಕ್ಕೂ ಹತ್ತಿ ಇರುತ್ತದೆ. ಒಂದೆರಡು ಎಳೆ ತೇಲಿಬಿಟ್ಟರೆ ಗಾಳಿಯ ದಾರಿ ಕಣ್ಣಿಗೇ ಕಾಣುತ್ತದೆ. ಬಿಸಿಲೇರಿದ ಮೇಲೆ ಗಾಳಿ ಇಳಿಜಾರಿನ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಾಗ ಕೆಳಕ್ಕೆ ಇಳಿಯುತ್ತದೆ. ಅದಕ್ಕೆ ಸಂಜೆ ನಾನು ಜಿಂಕೆ ದಾರಿಗಿಂತ ಕೆಳಗೆ ಕೂರುತ್ತೇನೆ.

ಮ್ಯಾಡಿಸನ್_ಮನೆ:
ತುಂಬಾ ಉಪಕಾರವಾಯಿತು. ಜಾಕೆಟ್ ಅಡುಗೆಮನೆ ಪಕ್ಕದ ಗೂಟದಲ್ಲೇ ನೇತು ಹಾಕುತ್ತಿದ್ದೆ, ಇವತ್ತೇ ತೆಗೆದೆ. ನವೆಂಬರ್ ಗನ್ ಸೀಸನ್ನಿನ ಕಿತ್ತಳೆ ವೆಸ್ಟ್‌ಗೂ ಇದನ್ನು ಹೊಡೆಯಬಹುದಾ?

ಹಳೇ_ಬಿಲ್ಲು:
ಬೇಡ. ಪೆರಾಕ್ಸೈಡ್ ಬಣ್ಣ ತಿನ್ನಬಹುದು, ಆ ಬಣ್ಣ ಇರುವುದೇ ಬೇರೆ ಬೇಟೆಗಾರರು ನಿಮ್ಮನ್ನು ನೋಡಲಿ ಅಂತ. ಅದನ್ನು ಬರೀ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒಗೆಯಿರಿ. ಜಾಕೆಟ್‌ಗೂ ಮೊದಲು ಒಳಗಿನ ಮೂಲೆಗೆ ಸ್ವಲ್ಪ ಹೊಡೆದು ನೋಡಿ.